ಹೊಲದಿಂದ ತಾಟಿನವರೆಗೆ: ಆಹಾರ ಮತ್ತು ಪೌಷ್ಟಿಕ ಭದ್ರತೆಯಲ್ಲಿ ಮಹಿಳೆಯರ ಪಾತ್ರ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ಸ್ವಸಹಾಯ ಸಂಘಗಳ ಸಭೆಗಳಲ್ಲಿ, ಅಂಗನವಾಡಿಯ ಕಟ್ಟೆಯ ಮೇಲೆ, ಧಾರವಾಡದ ಕೃಷಿ ಮೇಳದ ಮಳಿಗೆಗಳ ಮುಂದೆ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಲಾಗಿದೆ. ಕೆಲವು ಪ್ರಶ್ನೆಗಳಿಗೆ ಎರಡೇ ಮಾತಿನ ಉತ್ತರ ಸಾಕಾಗುತ್ತದೆ, ಕೆಲವಕ್ಕೆ ಸಾಕಾಗುವುದಿಲ್ಲ.

ಆಹಾರ ಭದ್ರತೆಗೂ ಪೌಷ್ಟಿಕ ಭದ್ರತೆಗೂ ಏನು ವ್ಯತ್ಯಾಸ? ಪಡಿತರ ಅಕ್ಕಿ ತಿಂಗಳು ತಿಂಗಳು ಬರುತ್ತಿರುವಾಗ ಈ ಮಾತೇಕೆ?

1996ರಲ್ಲಿ ರೋಮ್ ನಗರದಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆಯು, ಎಲ್ಲ ಜನರಿಗೂ ಎಲ್ಲ ಕಾಲಕ್ಕೂ ಆರೋಗ್ಯವಂತ ಬದುಕಿಗೆ ಬೇಕಾದ ಸುರಕ್ಷಿತ ಹಾಗೂ ಪೌಷ್ಟಿಕ ಆಹಾರವು ಸಾಕಷ್ಟು ಪ್ರಮಾಣದಲ್ಲಿ ಕೈಗೆಟುಕುವ ಸ್ಥಿತಿಯನ್ನೇ ಆಹಾರ ಭದ್ರತೆ ಎಂದು ಕರೆಯಿತು. ಅಂದರೆ ಪೌಷ್ಟಿಕತೆ ಎಂಬುದು ಆ ವ್ಯಾಖ್ಯೆಯ ಒಳಗೇ ಇತ್ತು. ವ್ಯವಹಾರದಲ್ಲಿ ಮಾತ್ರ ನಾವು ಅದನ್ನು ಧಾನ್ಯದ ಕಿಲೋಗಳಲ್ಲಿ ಅಳೆಯುವ ರೂಢಿ ಮಾಡಿಕೊಂಡೆವು. ಚೀಲ ತುಂಬಿದ ಮನೆಯಲ್ಲಿಯೂ ಕಬ್ಬಿಣಾಂಶ, ಪ್ರೋಟೀನು, ಜೀವಸತ್ವಗಳ ಕೊರತೆ ಇರಲು ಸಾಧ್ಯ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಈ ಎರಡನೆಯ ಅಂಕಿ ಶೇ. 44.8 ಇತ್ತು. ಈ ಎರಡು ಸಮೀಕ್ಷೆಗಳ ನಡುವಿನ ವರ್ಷಗಳಲ್ಲಿ ಅನ್ನಭಾಗ್ಯದ ಅಕ್ಕಿ ನಿಂತಿರಲಿಲ್ಲ ಎಂಬುದನ್ನು ಗಮನಿಸಬೇಕು.

ಇದರಲ್ಲಿ ಮಹಿಳೆಯರನ್ನೇ ಏಕೆ ಮುಂದೆ ಮಾಡಲಾಗುತ್ತದೆ? ಇದು ಬರಿಯ ಭಾಷಣದ ಮಾತಲ್ಲವೇ?

ಭಾಷಣಗಳಲ್ಲಿ ಬಹಳ ಸವೆದ ಮಾತು ಎಂಬುದು ನಿಜ. ಆದರೆ ಅದರ ಹಿಂದೆ ಗಟ್ಟಿಯಾದ ಲೆಕ್ಕವಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅಭಿವೃದ್ಧಿಶೀಲ ದೇಶಗಳ ಕೃಷಿ ಕಾರ್ಮಿಕರಲ್ಲಿ ಸರಾಸರಿ ಶೇ. 43ರಷ್ಟು ಮಂದಿ ಮಹಿಳೆಯರು; ಗೊಬ್ಬರ, ಬೀಜ, ಸಾಲ, ಸಲಕರಣೆಗಳು ಪುರುಷರಿಗೆ ದೊರೆಯುವಷ್ಟೇ ಅವರಿಗೂ ದೊರೆತರೆ ಅವರ ಹೊಲಗಳ ಇಳುವರಿ ಶೇ. 20ರಿಂದ 30ರಷ್ಟು ಏರಬಲ್ಲದು, ಜಗತ್ತಿನಲ್ಲಿ ಹಸಿದವರ ಸಂಖ್ಯೆ ಶೇ. 12ರಿಂದ 17ರಷ್ಟು ಇಳಿಯಬಲ್ಲದು. ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೊದಲ್ಲಿ ನಡೆದ, 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಇನ್ನೂ ಹತ್ತಿರದಿಂದ ತೋರಿಸಿತು. ಒಂದೇ ಮನೆ, ಒಂದೇ ವರ್ಷ, ಒಂದೇ ಬೆಳೆ. ಆದರೂ ಹೆಂಡತಿಯ ಪಾಲಿನ ತುಂಡಿನಲ್ಲಿ ಇಳುವರಿ ಗಂಡನದಕ್ಕಿಂತ ಸುಮಾರು ಶೇ. 30ರಷ್ಟು ಕಡಿಮೆ. ಕಾರಣ ಅವಳ ಕೌಶಲವಲ್ಲ. ತಿಪ್ಪೆಯ ಗೊಬ್ಬರವೆಲ್ಲ ಗಂಡನ ಹೊಲಕ್ಕೆ ಹೋಗುತ್ತಿತ್ತು.

ಮಕ್ಕಳ ವಿಷಯದಲ್ಲಿ ಅಂತರರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆಯ 2000ದ ವಿಶ್ಲೇಷಣೆಯೊಂದು ಪ್ರಸಿದ್ಧವಾಗಿದೆ. 1970ರಿಂದ 1995ರವರೆಗೆ 63 ಅಭಿವೃದ್ಧಿಶೀಲ ದೇಶಗಳಲ್ಲಿ ಮಕ್ಕಳ ಅಪೌಷ್ಟಿಕತೆ ಇಳಿದುದರಲ್ಲಿ ಶೇ. 43ರಷ್ಟು ಪಾಲು ಮಹಿಳೆಯರ ಶಿಕ್ಷಣದ್ದು, ಆಹಾರದ ಲಭ್ಯತೆ ಹೆಚ್ಚಿದ್ದರ ಪಾಲು ಶೇ. 26 ಎಂದು ಅದು ಲೆಕ್ಕಹಾಕಿತು. ಹೆಣ್ಣುಮಗಳನ್ನು ಶಾಲೆ ಬಿಡಿಸಿ ಕಸ ತೆಗೆಯಲು ಕಳಿಸುವ ಮನೆಯವರು ಈ ಒಂದು ಸಾಲನ್ನಾದರೂ ಓದಬೇಕು.

ನಮ್ಮ ಭಾಗದ ಒಕ್ಕಲುತನದಲ್ಲಿ ಹೆಂಗಸರ ಪಾಲು ನಿಜವಾಗಿ ಎಷ್ಟು?

ಬಿತ್ತುವ ಕೂರಿಗೆಯ ಹಿಂದೆ ಬೀಜ ಬಿಡುವವರು, ಎಡೆ ಹೊಡೆದ ಮೇಲೆ ಸಾಲಿನೊಳಗೆ ಉಳಿದ ಕಸವನ್ನು ಕುರ್ಚಿಗಿ ಹಿಡಿದು ತೆಗೆಯುವವರು, ಹೆಸರುಕಾಯಿ ಬಿಡಿಸುವವರು, ಹತ್ತಿ ಬಿಡಿಸುವವರು, ಕಾಳು ತೂರಿ ಹಸನು ಮಾಡುವವರು, ಎಮ್ಮೆಗೆ ಮೇವು ಹಾಕಿ ಹಾಲು ಹಿಂಡುವವರು ಯಾರು ಎಂದು ಕೇಳಿಕೊಂಡರೆ ಉತ್ತರ ತಾನಾಗಿಯೇ ಸಿಗುತ್ತದೆ. ಎತ್ತು ಅಥವಾ ಟ್ರ್ಯಾಕ್ಟರು ಮಾಡುವ ಕೆಲಸ ಗಂಡಸಿನದು. ಯಂತ್ರ ಮುಟ್ಟದ, ಬೆನ್ನು ಬಾಗಿಸುವ ಕೆಲಸ ಹೆಂಗಸಿನದು ಎಂಬುದೇ ಇಲ್ಲಿಯ ಹಂಚಿಕೆ. 2023–24ರ ರಾಷ್ಟ್ರೀಯ ಕಾರ್ಮಿಕ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಭಾಗದಲ್ಲಿ ದುಡಿಯುವ ಮಹಿಳೆಯರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವರು ಕೃಷಿಯಲ್ಲಿಯೇ ಇದ್ದಾರೆ.

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ರಾಶಿಗಳ ನಡುವೆ ಮೂಗು ಬಾಯಿಗೆ ಸೆರಗು ಕಟ್ಟಿಕೊಂಡು ತೊಟ್ಟು ಬಿಡಿಸುವವರೆಲ್ಲ ಹೆಂಗಸರೇ. ರಾಣೆಬೆನ್ನೂರಿನ ಸುತ್ತಮುತ್ತ ಹೈಬ್ರಿಡ್ ಬೀಜ ತಯಾರಿಸುವ ಹೊಲಗಳಲ್ಲಿ ಒಂದೊಂದೇ ಮೊಗ್ಗಿನ ಗಂಡುಭಾಗವನ್ನು ಉಗುರಿನಿಂದ ಬಿಡಿಸಿ, ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಪರಾಗವನ್ನು ಮುಟ್ಟಿಸುವ ಸೂಕ್ಷ್ಮ ಕೆಲಸವನ್ನೂ ಬಹುಮಟ್ಟಿಗೆ ಹೆಂಗಸರೇ ಮಾಡುತ್ತಾರೆ. ಇಷ್ಟಾದರೂ ಬೀಜ ಖರೀದಿಯ ದಿನ ಅಂಗಡಿಗೆ ಹೋಗುವವರು ಮಾತ್ರ ಗಂಡಸರು. ದುಡಿಮೆಯಲ್ಲಾಗಲಿ ತಿಳಿವಳಿಕೆಯಲ್ಲಾಗಲಿ ಇಲ್ಲಿಯ ಹೆಂಗಸರಿಗೆ ಕೊರತೆಯಿಲ್ಲ. ಏನು ಬಿತ್ತಬೇಕು, ಎಷ್ಟು ಮಾರಬೇಕು, ಯಾರ ತಾಟಿಗೆ ಏನು ಬಡಿಸಬೇಕು ಎಂಬ ತೀರ್ಮಾನದಲ್ಲಿ ಅವರ ಮಾತು ನಡೆಯುವುದಿಲ್ಲ ಎಂಬುದೇ ಈ ಪುಟದ ಮುಖ್ಯ ವಾದ.

ಪಹಣಿಯಲ್ಲಿ ಹೆಸರು ಇದ್ದರೇನು, ಬಿಟ್ಟರೇನು? ಉಣ್ಣುವುದಂತೂ ಒಂದೇ ಮನೆಯಲ್ಲಲ್ಲವೇ?

ಪಹಣಿಯಲ್ಲಿ ಹೆಸರಿಲ್ಲದವರು ಸರ್ಕಾರದ ಕಡತಗಳಲ್ಲಿ ರೈತರೇ ಅಲ್ಲ. ಬೆಳೆ ಸಾಲ, ಬೆಳೆ ವಿಮೆ, ಬೆಳೆಹಾನಿ ಪರಿಹಾರ, ಸಬ್ಸಿಡಿಯ ಬೀಜ, ಕಿಸಾನ್ ಸಮ್ಮಾನ್ ಹಣ ಎಲ್ಲವೂ ಆ ಕಾಗದದ ಬೆನ್ನು ಹತ್ತಿಯೇ ಬರುತ್ತವೆ. 2015–16ರ ಕೃಷಿ ಗಣತಿಯಂತೆ ದೇಶದ ಕೃಷಿ ಹಿಡುವಳಿದಾರರಲ್ಲಿ ಮಹಿಳೆಯರು ಶೇ. 14ರಷ್ಟು ಮಾತ್ರ. ಗಂಡ ತೀರಿಕೊಂಡ ಮನೆಗಳಲ್ಲಿ ಇದರ ಬಿಸಿ ಮೊದಲು ತಟ್ಟುತ್ತದೆ: ವಾರಸಾ ಬದಲಾವಣೆ ಆಗುವವರೆಗೆ ಹೊಲ ಉಳುವವಳು ಅವಳೇ ಆದರೂ ಸಾಲ ಕೇಳುವ ಹಕ್ಕು ಅವಳಿಗೆ ಇರುವುದಿಲ್ಲ.

ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕವು 1994ರಲ್ಲಿ, ಅಂದರೆ ಕೇಂದ್ರದ 2005ರ ತಿದ್ದುಪಡಿಗಿಂತ ಹನ್ನೊಂದು ವರ್ಷ ಮೊದಲೇ ಜಾರಿಗೆ ತಂದಿತ್ತು. 2020ರಲ್ಲಿ ಸುಪ್ರೀಂ ಕೋರ್ಟು, ತಂದೆ 2005ರಲ್ಲಿ ಬದುಕಿರಲೇಬೇಕೆಂಬ ನಿಯಮವಿಲ್ಲ ಎಂದು ಸ್ಪಷ್ಟಪಡಿಸಿತು. ಕಾನೂನು ಹೀಗಿದ್ದರೂ ತವರಿನ ನಂಟು ಕಡಿದೀತೆಂಬ ಅಂಜಿಕೆಯಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಕೊಡುವವರೇ ಹೆಚ್ಚು. ಅದನ್ನು ತಿಳಿಗೇಡಿತನ ಎಂದು ಕರೆಯುವುದು ಸರಿಯಲ್ಲ. ಬಾಣಂತನಕ್ಕೆ, ಪಂಚಮಿಗೆ, ಕಷ್ಟಕಾಲಕ್ಕೆ ಹೋಗಲು ಅವರಿಗೆ ಇರುವುದು ಅದೊಂದೇ ಮನೆ.

ಗೋವಿನಜೋಳ, ಹತ್ತಿ ಬೆಳೆದರೆ ಕೈಗೆ ಹಣ ಬರುತ್ತದೆ. ಹಣದಿಂದ ಕಾಳು, ಕಾಯಿಪಲ್ಲೆ ಕೊಳ್ಳಬಹುದಲ್ಲವೇ?

ಕೊಳ್ಳಬಹುದು. ಕೊಳ್ಳುತ್ತಾರೆಯೇ ಎಂಬುದು ಬೇರೆ ಪ್ರಶ್ನೆ. ಎರೆಭೂಮಿಯ ಹಳೆಯ ಬಿತ್ತನೆಯಲ್ಲಿ ಜೋಳದ ಸಾಲುಗಳ ನಡುವೆ ತೊಗರಿ, ಹೆಸರು, ಮಡಿಕೆ, ಅಲಸಂದಿ, ಅಂಚಿಗೆ ಒಂದಿಷ್ಟು ಗುರೆಳ್ಳು, ಅಗಸಿ, ಪುಂಡಿ ಇರುತ್ತಿದ್ದವು. ಮುಖ್ಯ ಬೆಳೆಯ ಹಣ ಯಜಮಾನನ ಜೇಬಿಗೆ ಹೋಗುತ್ತಿತ್ತು. ಅಕ್ಕಡಿ, ಅಂದರೆ ಹೀಗೆ ಸಾಲುಗಳ ನಡುವೆ ಬೆಳೆದ ಕಾಳು ಮಾತ್ರ ಮನೆಯಾಕೆಯ ಅಧೀನದಲ್ಲಿ ಗಡಿಗೆ ಸೇರುತ್ತಿತ್ತು. ಅದರ ಲೆಕ್ಕ ಯಾರೂ ಕೇಳುತ್ತಿರಲಿಲ್ಲ. ವರ್ಷವಿಡೀ ಬೇಳೆಗೆ, ಹಿಂಡಿಗೆ, ನೆಂಟರು ಬಂದಾಗಿನ ಅಡುಗೆಗೆ ಅವಳು ಯಾರ ಮುಂದೆಯೂ ಕೈಯೊಡ್ಡಬೇಕಾಗಿರಲಿಲ್ಲ.

ಹಾವೇರಿ ಜಿಲ್ಲೆಯ ಬಹುಭಾಗದಲ್ಲಿ ಇಂದು ಗೋವಿನಜೋಳವೇ ಹೊಲ ತುಂಬಿದೆ. ದಟ್ಟವಾಗಿ ಬಿತ್ತುವ ಆ ಬೆಳೆಯ ನಡುವೆ ಅಕ್ಕಡಿಗೆ ಜಾಗವಿಲ್ಲ. ಕಳೆನಾಶಕ ಹೊಡೆದ ಹೊಲದಲ್ಲಿ, ಯಾರೂ ಬಿತ್ತದೆ ತಾನಾಗಿಯೇ ಬೆಳೆಯುತ್ತಿದ್ದ ಹಕ್ಕರಕಿ, ಕಿರಕಸಾಲಿಯಂಥ ಸೊಪ್ಪುಗಳೂ ಸುಟ್ಟುಹೋಗುತ್ತವೆ. ಕಸ ತೆಗೆಯಲು ಹೋದ ಹೆಂಗಸು ಸಂಜೆ ಮಡಿಲಲ್ಲಿ ತುಂಬಿಕೊಂಡು ಬರುತ್ತಿದ್ದ ಪಲ್ಯ ಹೀಗೆ ಯಾವ ಕೃಷಿ ಅಂಕಿಅಂಶದಲ್ಲಿಯೂ ನಮೂದಾಗದೆ ಮಾಯವಾಯಿತು. ಗೋವಿನಜೋಳ ಬೆಳೆಯಲೇಬಾರದು ಎಂಬುದು ಇಲ್ಲಿಯ ವಾದವಲ್ಲ. ಸಾಲ ತೀರಿಸಲು ಅದು ಬೇಕು. ಆದರೆ ನಾಲ್ಕು ಎಕರೆಯಲ್ಲಿ ಹತ್ತು ಗುಂಟೆಯನ್ನಾದರೂ ಅಕ್ಕಡಿಗೆ ಬಿಡಬೇಕು, ಆ ಹತ್ತು ಗುಂಟೆಯ ತೀರ್ಮಾನ ಮನೆಯಾಕೆಯದಾಗಿರಬೇಕು. ಹೈನಿನ ವಿಷಯದಲ್ಲಿಯೂ ಇದೇ ಮಾತು: ಎಮ್ಮೆ ಸಾಕುವವಳು ಹೆಂಡತಿ, ಡೈರಿಯ ಪಾಸ್‌ಪುಸ್ತಕ ಗಂಡನ ಹೆಸರಿನಲ್ಲಿ. ಹಾಲೆಲ್ಲ ಡೈರಿಗೆ ಹೋಗಿ ಮನೆಯ ಕೂಸಿಗೆ ಕರಿಚಹಾ ಉಳಿದರೆ ಆ ಆದಾಯಕ್ಕೆ ಅರ್ಥವಿಲ್ಲ.

ಬೀಜ ಕಾಯ್ದುಕೊಳ್ಳುವ ಹಳೆಯ ಪದ್ಧತಿಗೆ ಈಗ ಬೆಲೆ ಇದೆಯೇ?

ಇದೆ, ಅದೂ ನಮ್ಮ ನೆರೆಯಲ್ಲಿಯೇ. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘವು ಸಹಜ ಸಮೃದ್ಧ ಸಂಸ್ಥೆಯ ನೆರವಿನೊಂದಿಗೆ ಸಮುದಾಯ ಬೀಜ ಬ್ಯಾಂಕು ಮತ್ತು ಸಿರಿಧಾನ್ಯ ಸಂಸ್ಕರಣಾ ಘಟಕವನ್ನು ನಡೆಸುತ್ತಿದೆ. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಈ ಸಂಘಕ್ಕೆ ಬಂದಿತು. ಮಳೆಯಾಶ್ರಿತ ಊರೊಂದರ ಹೆಂಗಸರು ತಮ್ಮ ಗಡಿಗೆಗಳಿಂದ ಆರಂಭಿಸಿದ ಕೆಲಸ ಅಲ್ಲಿಯವರೆಗೆ ಹೋಯಿತು ಎಂಬುದಕ್ಕಿಂತ, ಆ ಬೀಜ ನೆರೆಯ ಹೊಲಗಳಿಗೆ ಹೋಗುತ್ತಿದೆ ಎಂಬುದು ನನಗೆ ದೊಡ್ಡದಾಗಿ ಕಾಣುತ್ತದೆ.

ಪದ್ಧತಿಯಲ್ಲಿ ಗುಟ್ಟೇನೂ ಇಲ್ಲ. ರಾಶಿಗೆ ಮೊದಲೇ ಹೊಲದಲ್ಲಿ ಓಡಾಡಿ ತುಂಬಿದ, ರೋಗವಿಲ್ಲದ ತೆನೆಗಳನ್ನು ಆರಿಸಿ, ಚೆನ್ನಾಗಿ ಒಣಗಿಸಿ, ಬೂದಿ ಅಥವಾ ಒಣ ಬೇವಿನ ಎಲೆ ಬೆರೆಸಿ, ಗಡಿಗೆಗೆ ತುಂಬಿ ಬಾಯಿ ಮೆತ್ತಿಡುವುದು. ರಾಶಿಯಾದ ಮೇಲೆ ಚೀಲದಿಂದ ತೆಗೆದಿಟ್ಟ ಕಾಳು ಬೀಜವಾಗದು ಎಂಬುದನ್ನು ಹಿರಿಯ ಹೆಂಗಸರು ಇಂದಿಗೂ ಒತ್ತಿ ಹೇಳುತ್ತಾರೆ. ಹೈಬ್ರಿಡ್ ಬೆಳೆಗಳ ಕಾಳನ್ನು ಮಾತ್ರ ಹೀಗೆ ಮರುಬಿತ್ತನೆಗೆ ಇಡಬಾರದು. ಮುಂದಿನ ಪೀಳಿಗೆಯಲ್ಲಿ ಗುಣ ಒಡೆದುಹೋಗುತ್ತದೆ.

ಸಿರಿಧಾನ್ಯ ತಿಂದರೆ ಎಲ್ಲವೂ ಸರಿಹೋಗುತ್ತದೆಯೇ?

ಇಲ್ಲ. ಸಿರಿಧಾನ್ಯ ಒಳ್ಳೆಯ ಆಹಾರ, ಔಷಧವಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಅಕ್ಕಿಯಲ್ಲಿ 10 ಮಿಲಿಗ್ರಾಮಿನ ಆಸುಪಾಸು ಇರುತ್ತದೆ. ನವಣೆಯ ಪ್ರೋಟೀನು, ಸಜ್ಜೆಯ ಕಬ್ಬಿಣ ಅಕ್ಕಿಗಿಂತ ಹೆಚ್ಚು. ಆದರೆ ಯಾವ ಏಕದಳ ಧಾನ್ಯವೂ ಬೇಳೆಯ ಜೊತೆಯಿಲ್ಲದೆ ಪೂರ್ಣವಾಗದು, ಏಕೆಂದರೆ ಪ್ರೋಟೀನಿನ ಲೈಸೀನ್ ಎಂಬ ಅಂಶ ಅವುಗಳಲ್ಲಿ ಕಡಿಮೆ, ಬೇಳೆಯಲ್ಲಿ ಹೆಚ್ಚು. ರೊಟ್ಟಿಗೆ ಕಡಲೆಹಿಟ್ಟಿನ ಝುಣಕ ಜೊತೆಯಾದದ್ದು ರುಚಿಗಾಗಿ ಮಾತ್ರವಲ್ಲ.

ಇನ್ನೊಂದು ಮಾತನ್ನು ಮರೆಯಬಾರದು. ಜೋಳ, ಸಜ್ಜೆ, ರಾಗಿಗಳಿಗೆ ಗಟ್ಟಿ ಹೊಟ್ಟು ಇಲ್ಲ. ನವಣೆ, ಸಾವೆ, ಕೊರಲೆಗಳಿಗೆ ಇದೆ. ಆ ಹೊಟ್ಟನ್ನು ಒರಳು ಒನಕೆಗಳಲ್ಲಿ ಬಿಡಿಸುವ ಶ್ರಮದಿಂದ ಬೇಸತ್ತ ಹೆಂಗಸರೇ ಪಡಿತರ ಅಕ್ಕಿ ಬಂದಾಗ ನಿಟ್ಟುಸಿರು ಬಿಟ್ಟು ನವಣೆಯನ್ನು ಕೈಬಿಟ್ಟರು. ಊರಿನಲ್ಲಿ ಹೊಟ್ಟು ಬಿಡಿಸುವ ಯಂತ್ರವಿಲ್ಲದೆ ಸಿರಿಧಾನ್ಯದ ಮಹಿಮೆಯನ್ನು ಸಾರುವುದು ಎಂದರೆ ಅವಳ ಹೆಗಲಿಗೆ ಮತ್ತೊಂದು ಗಂಟೆಯ ದುಡಿಮೆ ಹೊರಿಸುವುದು.

ಎಲ್ಲರೂ ಉಂಡ ಮೇಲೆ ಹೆಂಗಸರು ಉಣ್ಣುವುದು ನಮ್ಮ ಪದ್ಧತಿ. ಅದರಿಂದ ಏನು ತೊಂದರೆ?

ಒಂದು ಮುಂಜಾನೆಯನ್ನು ಗಮನಿಸಿ. ಐದು ಗಂಟೆಗೆ ಎದ್ದವಳು ಹಂಚಿನ ಮುಂದೆ ಕುಳಿತು ಇಪ್ಪತ್ತು, ಇಪ್ಪತ್ತೈದು ರೊಟ್ಟಿ ಬಡಿದು ಬುಟ್ಟಿಗೆ ಹಾಕುತ್ತಾಳೆ. ಮೊದಲು ಹೊಲಕ್ಕೆ ಹೋಗುವವರ ಬುತ್ತಿ, ಆಮೇಲೆ ಶಾಲೆಗೆ ಹೋಗುವ ಮಕ್ಕಳು, ಆಮೇಲೆ ಅತ್ತೆ ಮಾವ. ಹತ್ತು ಗಂಟೆಗೆ ಅವಳ ಸರದಿ ಬಂದಾಗ ಬುಟ್ಟಿಯಲ್ಲಿ ರೊಟ್ಟಿ ಉಳಿದಿರುತ್ತದೆ, ಬೋಗಾಣಿಯಲ್ಲಿ ಪಲ್ಯ ಇರುವುದಿಲ್ಲ. ರೊಟ್ಟಿಯ ತುಂಡಿನಿಂದ ಬೋಗಾಣಿಯ ತಳ ಒರೆಸಿಕೊಂಡು, ಮೇಲೆ ಒಂದಿಷ್ಟು ಕೆಂಪು ಖಾರ ಹಾಕಿಕೊಂಡು ಉಂಡೇಳುತ್ತಾಳೆ. ಹೊಟ್ಟೆ ತುಂಬಿದೆ, ತಾಟಿನಲ್ಲಿ ಇದ್ದದ್ದು ಮಾತ್ರ ಒಂದೇ ಬಗೆಯ ಆಹಾರ.

ಮಹಿಳೆಯರ ಆಹಾರ ವೈವಿಧ್ಯವನ್ನು ಅಳೆಯಲು ಅಂತರರಾಷ್ಟ್ರೀಯವಾಗಿ ಬಳಸುವ ಅಳತೆಗೋಲಿನಲ್ಲಿ ಹತ್ತು ಆಹಾರ ಗುಂಪುಗಳಿವೆ. ದಿನಕ್ಕೆ ಅವುಗಳಲ್ಲಿ ಕನಿಷ್ಠ ಐದು ಇರಬೇಕು. ನಮ್ಮ ಭಾಗದ ಪೂರ್ಣ ಊಟವನ್ನು ಅದಕ್ಕೆ ಹೋಲಿಸಿ ನೋಡಿದರೆ ಅಚ್ಚರಿಯಾಗುತ್ತದೆ: ಜೋಳದ ರೊಟ್ಟಿ ಒಂದು, ಮಡಿಕೆಕಾಳಿನ ಪಲ್ಯ ಎರಡು, ಮೆಂತೆ ಅಥವಾ ಹಕ್ಕರಕಿ ಸೊಪ್ಪು ಮೂರು, ಎಣ್ಣೆಗಾಯಿ ಬದನೆ ನಾಲ್ಕು, ಮೊಸರು ಐದು, ಒಂದು ಚಮಚಕ್ಕಿಂತ ಹೆಚ್ಚೇ ಹಾಕಿಕೊಂಡರೆ ಶೇಂಗಾ ಹಿಂಡಿ ಆರು. ಅಡುಗೆಮನೆ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಅಡುಗೆ ಮಾಡಿದವಳ ತಾಟು ನಪಾಸಾಗುತ್ತದೆ. ಆದ್ದರಿಂದ ಅಡುಗೆ ಕಲಿಸುವ ತರಬೇತಿಗಳಿಗಿಂತ, ಮನೆಮಂದಿ ಒಟ್ಟಿಗೆ ಕುಳಿತು ಉಣ್ಣುವ ರೂಢಿಯೇ ಹೆಚ್ಚಿನ ಫಲ ಕೊಡುತ್ತದೆ ಎಂದು ನನ್ನ ನಂಬಿಕೆ. ಅದು ಆಗದ ಮನೆಗಳಲ್ಲಿ, ಬಡಿಸುವ ಮೊದಲೇ ಅವಳ ಪಾಲನ್ನು ಬೇರೆ ಬಟ್ಟಲಿಗೆ ತೆಗೆದಿಡಬೇಕು. ಅತ್ತೆಯೇ ತೆಗೆದಿಟ್ಟರೆ ಮಾತೇ ಬೆಳೆಯುವುದಿಲ್ಲ.

ರಕ್ತ ಕಡಿಮೆ ಇದೆ ಎಂದು ಗುಳಿಗೆ ಕೊಡುತ್ತಾರೆ. ಊಟದಿಂದಲೇ ಸರಿಪಡಿಸಲಾಗದೇ?

ವಯಸ್ಕ ಪುರುಷನಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಸಾಕಾದರೆ ಮಹಿಳೆಗೆ 29 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. ಗುರೆಳ್ಳು, ಅಳವಿ, ಸೊಪ್ಪು, ಸಜ್ಜೆ, ಕಾಳುಗಳಿಂದ ಸಾಕಷ್ಟು ಬರುತ್ತದೆ, ಆದರೆ ಈಗಾಗಲೇ ರಕ್ತಹೀನತೆ ಇರುವವರಿಗೆ ಊಟವೊಂದೇ ಸಾಲದು. ಗರ್ಭಿಣಿಯರಿಗೆ ಆಶಾ ಕಾರ್ಯಕರ್ತೆಯರು ಕೊಡುವ 180 ಕಬ್ಬಿಣಾಂಶದ ಗುಳಿಗೆಗಳನ್ನು ಪೂರ್ಣಗೊಳಿಸಲೇಬೇಕು. ಮಲ ಕಪ್ಪಾಗುವುದು ಸಹಜ. ಹೊಟ್ಟೆ ತೊಳಸಿದಂತಾದರೆ ರಾತ್ರಿ ಊಟದ ನಂತರ ತೆಗೆದುಕೊಂಡು ನೋಡಬಹುದು.

ಇನ್ನು ಚಹಾ. ಊಟದ ಬೆನ್ನಿಗೇ, ಕೆಲವೊಮ್ಮೆ ರೊಟ್ಟಿಯ ಜೊತೆಯಲ್ಲಿಯೇ ಚಹಾ ಕುಡಿಯುವ ರೂಢಿ ನಮ್ಮ ಕಡೆ ಬಲವಾಗಿದೆ. ಚಹಾದ ಟ್ಯಾನಿನ್ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಚಹಾ ಬಿಡಿ ಎಂದು ಹೇಳುವ ಧೈರ್ಯ ಧಾರವಾಡದಲ್ಲಿ ಯಾರಿಗಿದೆ? ಊಟಕ್ಕೂ ಅದಕ್ಕೂ ಒಂದು ಗಂಟೆಯ ಅಂತರ ಇರಲಿ. ಪಲ್ಯಕ್ಕೆ ಅರ್ಧ ಲಿಂಬೆ ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ.

ಪಡಿತರ ಅಕ್ಕಿ ತೊಳೆಯುವಾಗ ಕೆಲವು ಕಾಳು ತೇಲುತ್ತವೆ. ಅದು ಪ್ಲಾಸ್ಟಿಕ್ ಅಕ್ಕಿಯೇ?

ಅಲ್ಲ. ಅದು ಸಾರವರ್ಧಿತ ಅಕ್ಕಿಯ ಕಾಳು. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಜೀವಸತ್ವ ಬೆರೆಸಿ, ಮತ್ತೆ ಅಕ್ಕಿಯ ಆಕಾರಕ್ಕೆ ಒತ್ತಿ, ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಬಣ್ಣ ತುಸು ಬೇರೆಯಾಗಿ ಕಾಣುತ್ತದೆ, ನೀರಿಗೆ ಹಾಕಿದರೆ ಕೆಲವು ತೇಲುತ್ತವೆ. ಮೊರದಲ್ಲಿ ಕುಳಿತು ಇವನ್ನೇ ಒಂದೊಂದಾಗಿ ಆರಿಸಿ ಚೆಲ್ಲುವ ಹೆಂಗಸರನ್ನು ನಾನು ಅನೇಕ ಊರುಗಳಲ್ಲಿ ಕಂಡಿದ್ದೇನೆ. ಮನೆಯವರ ಆರೋಗ್ಯದ ಕಾಳಜಿಯಿಂದಲೇ ಅವರು ಹಾಗೆ ಮಾಡುತ್ತಾರೆ. ತಪ್ಪು, ತಿಳಿಸದೆ ಹಂಚಿದವರದು. ಹೆಚ್ಚು ಸಲ ತೊಳೆಯದೆ, ಗಂಜಿ ಬಸಿಯದೆ ಅನ್ನ ಮಾಡುವುದು ಒಳ್ಳೆಯದು.

ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಏನು ಸಿಗುತ್ತದೆ? ಬಹಳಷ್ಟು ಮಂದಿ ಹೋಗುವುದಿಲ್ಲವೇಕೆ?

2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ, ತಿಂಗಳಿಗೆ 25 ದಿನ ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಇರುವ ಬಿಸಿಯೂಟವನ್ನು ಕೊಡುವ ಏರ್ಪಾಟಿದೆ. ಉದ್ದೇಶ ಸರಿಯಾಗಿದೆ: ಮನೆಗೆ ಕೊಟ್ಟ ಆಹಾರ ಎಲ್ಲರಿಗೂ ಹಂಚಿಹೋಗುತ್ತದೆ, ಅಂಗನವಾಡಿಯಲ್ಲಿ ಕುಳಿತು ಉಂಡರೆ ಅವಳ ಹೊಟ್ಟೆಗೇ ಸೇರುತ್ತದೆ. ಆದರೆ ಮಧ್ಯಾಹ್ನದ ಹೊತ್ತಿಗೆ ಕೂಲಿಗೆ ಹೋದವಳು ಹೊಲದಲ್ಲಿರುತ್ತಾಳೆ, ಬಾಣಂತಿ ಹೊಸ್ತಿಲು ದಾಟುವುದಿಲ್ಲ, ತೋಟದ ಮನೆಯಿಂದ ಊರಿಗೆ ಎರಡು ಮೈಲಿ. ಬಾಣಂತಿಗೆ ನೀರು, ಸೊಪ್ಪು ಕೊಡಬಾರದೆಂಬ ಪಥ್ಯ ಇಂದಿಗೂ ಕೆಲವು ಮನೆಗಳಲ್ಲಿದೆ, ಅದನ್ನು ಬಿಡಬೇಕು. ಅಂಟಿನ ಉಂಡಿ, ಅಳವಿ ಪಾಯಸಗಳನ್ನು ಬಿಡಬೇಕಾಗಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವವರು ತಾಯಿ ಕಾರ್ಡನ್ನು ಜೊತೆಗೊಯ್ದು ಅಲ್ಲಿಯ ಕಾರ್ಯಕರ್ತೆಗೆ ತೋರಿಸಿ ನೋಂದಾಯಿಸಿಕೊಳ್ಳಬೇಕು.

ರೇಷನ್ ಕಾರ್ಡಿನಲ್ಲಿ ಹೆಂಗಸರನ್ನೇ ಯಜಮಾನಿ ಎಂದು ಬರೆಯುವುದೇಕೆ?

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ನಿಯಮವದು: ಮನೆಯಲ್ಲಿ 18 ವರ್ಷ ತುಂಬಿದ ಹಿರಿಯ ಮಹಿಳೆಯೇ ಕಾರ್ಡಿನ ಮುಖ್ಯಸ್ಥೆ. 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯೂ ಈ ಯಜಮಾನಿಯ ಖಾತೆಗೇ ಬರುತ್ತದೆ. ಹಣ ಖಾತೆಗೆ ಬಂದ ಮಾತ್ರಕ್ಕೆ ಅದರ ಮೇಲಿನ ಹಿಡಿತ ಬಂದಂತಲ್ಲ. ಎಟಿಎಂ ಕಾರ್ಡು ಮಗನ ಬಳಿ ಇದ್ದರೆ ಯಜಮಾನಿಕೆ ಕಾಗದದ ಮೇಲಷ್ಟೇ.

ಗುಳೆ ಹೋದಾಗ ಪಡಿತರ ತಪ್ಪಿಹೋಗುತ್ತದೆಯೇ?

ಪೂರ್ತಿ ತಪ್ಪಬೇಕಾಗಿಲ್ಲ. ಗದಗ ಜಿಲ್ಲೆಯ ತಾಂಡಾಗಳಿಂದ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದವರು, ಆಧಾರ್ ಜೋಡಣೆಯಾಗಿದ್ದರೆ, ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಡಿ ಅಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು. ಕುಟುಂಬದ ಅರ್ಧ ಮಂದಿ ಊರಿನಲ್ಲಿದ್ದರೆ ಅವರ ಪಾಲನ್ನು ಅವರು ಊರಿನಲ್ಲಿಯೇ ಎತ್ತಬಹುದು.

ಹೊಲವೇ ಇಲ್ಲದವರು, ಹುಬ್ಬಳ್ಳಿಯ ಓಣಿಯ ಸಣ್ಣ ಮನೆಗಳಲ್ಲಿ ಇರುವವರು ಏನು ಮಾಡಬಹುದು?

ಹಿತ್ತಲು ಎರಡು ಮಂಚದಷ್ಟಿದ್ದರೂ ಸಾಕು. ಬಚ್ಚಲ ನೀರು ಹರಿದುಹೋಗುವ ಕಡೆ ಒಂದು ನುಗ್ಗೆ, ಗೋಡೆಗೆ ಹಬ್ಬಿಸಲು ಒಂದು ಹೀರೆಬಳ್ಳಿ, ಒಡೆದ ಬಕೆಟ್ಟಿನಲ್ಲಿ ಮೆಂತೆ, ಹರಿವೆ. ಮೆಂತೆ ಮೂರು ನಾಲ್ಕು ವಾರಗಳಲ್ಲಿ ಕೊಯ್ಲಿಗೆ ಬರುತ್ತದೆ. ವಾರಕ್ಕೊಂದು ಬಕೆಟ್ಟಿನಂತೆ ಸರದಿಯಲ್ಲಿ ಬಿತ್ತಿದರೆ ಸಂತೆಯ ದಾರಿ ಕಾಯಬೇಕಾಗಿಲ್ಲ. ಸೋಪಿನ ನೀರು ನೇರವಾಗಿ ಸೊಪ್ಪಿನ ಮಡಿಗೆ ಹೋಗದಂತೆ ನೋಡಿಕೊಳ್ಳಬೇಕು; ಬಾಳೆ, ನುಗ್ಗೆಯಂಥವು ಅದನ್ನು ತಾಳಿಕೊಳ್ಳುತ್ತವೆ. ನುಗ್ಗೆಯ ಟೊಂಗೆಯನ್ನು ತೋಳಿನ ದಪ್ಪದ್ದು ಆರಿಸಿ, ಮುಂಗಾರಿನ ಮೊದಲ ಹದಕ್ಕೆ ನೆಡಬೇಕು. ಬೇಸಿಗೆಯಲ್ಲಿ ನೆಟ್ಟದ್ದು ನಮ್ಮ ಬಿಸಿಲಿಗೆ ಒಣಗುವುದೇ ಹೆಚ್ಚು.